ಲೆಕ್ಕದ ಮೇಜಿನಿಂದ ವಾರ್ಡಿಗೆ

ಅಮೆರಿಕದಲ್ಲಿ ಬೇರೆ ಯಾವುದೋ ವಿಷಯದಲ್ಲಿ ಡಿಗ್ರಿ ಮಾಡಿದವರು ನರ್ಸ್ ಆಗಬೇಕೆಂದರೆ ಅವರಿಗೆಂದೇ ಒಂದು ದಾರಿ ಇದೆ. ಜೀವಶಾಸ್ತ್ರ, ರಸಾಯನಶಾಸ್ತ್ರದಂಥ ಕೆಲವು ವಿಷಯಗಳನ್ನು ಮೊದಲೇ ಓದಿಕೊಂಡಿರಬೇಕು. ಆಮೇಲೆ 12ರಿಂದ 18 ತಿಂಗಳು ಬಿಡುವಿಲ್ಲದೆ ಓದಿದರೆ ನರ್ಸಿಂಗ್ ಡಿಗ್ರಿ ಸಿಗುತ್ತದೆ. ಹಳೆಯ ಡಿಗ್ರಿಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ನೀವು ಬಿ.ಕಾಂ. ಮಾಡಿರಿ, ಎಂ.ಎ. ಮಾಡಿರಿ, ನರ್ಸಿಂಗ್ ಶಾಲೆಯ ಬಾಗಿಲಲ್ಲಿ ನೀವು 12ನೇ ಕ್ಲಾಸ್ ಪಾಸಾದವರು, ಅಷ್ಟೇ.

ನಾನು ಬಿ.ಕಾಂ. ಮುಗಿಸಿ ಕೆಲವು ವರ್ಷ ಮುಂಬಯಿಯ ಫೋರ್ಟ್‌ನ ಒಂದು ಸಿ.ಎ. ಆಫೀಸಿನಲ್ಲಿ ಆಡಿಟ್ ಕೆಲಸ ಮಾಡಿದವಳು. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್, ರಾತ್ರಿ ಮತ್ತೆ ಅದೇ ಹಳಿ. ಮೂವತ್ತರ ಹತ್ತಿರ ಬಂದಾಗ ಆ ಕೆಲಸ ಬಿಟ್ಟು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾಕ್ಕೆ ಸೇರಿದೆ. ಈಗ ರಿಜಿಸ್ಟರ್ಡ್ ನರ್ಸ್ ಆಗಿ ದುಡಿಯುತ್ತಿದ್ದೇನೆ. ಮಾಟುಂಗದಲ್ಲಿ ಯಾವುದಾದರೂ ಕನ್ನಡ ಕಾರ್ಯಕ್ರಮಕ್ಕೆ ಹೋದರೆ ಯಾರಾದರೊಬ್ಬ ಹೆಂಗಸು ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳುತ್ತಾರೆ, ಹೀಗೂ ಸೇರಬಹುದಾ ಅಂತ. ಮೊದಮೊದಲು ಮಗಳಿಗಾಗಿ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಹೆಚ್ಚಿನವರು ಕೇಳುವುದು ತಮಗಾಗಿಯೇ.

ನನ್ನ ದಾರಿ ತಿರುಗಿದ್ದು ಒಂದು ಟ್ರಸ್ಟ್ ಆಸ್ಪತ್ರೆಯ ಆಡಿಟ್ ಸಮಯದಲ್ಲಿ. ಮಾರ್ಚ್ ಕೊನೆ. ವಾರ್ಡ್ ವಾರ್ಡಿಗೆ ಹೋಗಿ ಸ್ಟಾಕ್ ಎಣಿಸುವ ಕೆಲಸ ನನ್ನದು. ಮಾರ್ಫಿನ್, ಫೆಂಟನಿಲ್‌ನಂಥ ಔಷಧಿಗಳು 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆಯ ಕೆಳಗೆ ಬರುತ್ತವೆ. ಅವನ್ನು ಎರಡು ಬೀಗದ ಕಪಾಟಿನಲ್ಲಿ ಇಡುತ್ತಾರೆ. ಒಂದೊಂದು ಆಂಪ್ಯೂಲಿಗೂ, ಅಂದರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೆಗೂ, ರಿಜಿಸ್ಟರ್‌ನಲ್ಲಿ ಒಂದು ಸಾಲು. ಯಾವ ಪೇಷಂಟ್‌ಗೆ, ಎಷ್ಟು ಮಿಲಿಗ್ರಾಂ, ಉಳಿದದ್ದನ್ನು ಯಾರ ಎದುರು ಚೆಲ್ಲಿದರು, ಎಲ್ಲದಕ್ಕೂ ಇಬ್ಬರ ಸಹಿ. ಖಾಲಿ ಆಂಪ್ಯೂಲನ್ನೂ ಸುಮ್ನೆ ಎಸೆಯುವಂತಿಲ್ಲ, ವಾಪಸ್ ಕೊಡಬೇಕು. ದೊಡ್ಡ ದೊಡ್ಡ ಕಂಪನಿಗಳ ಪುಸ್ತಕ ನೋಡಿದ್ದೆ. ಇಷ್ಟು ಚೊಕ್ಕವಾದ ಪುಸ್ತಕ ನೋಡಿರಲಿಲ್ಲ.

ಅಲ್ಲಿದ್ದ ಸಿಸ್ಟರ್ ಇನ್‌ಚಾರ್ಜ್ ಐವತ್ತು ದಾಟಿದವರು. ಅವರು ಆಂಪ್ಯೂಲ್ ಎಣಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮಧ್ಯದಲ್ಲಿ ಒಬ್ಬ ಮುದುಕರು ವಾಂತಿ ಮಾಡತೊಡಗಿದರು. ಸಿಸ್ಟರ್ ಕಪಾಟಿಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ಓಡಿದರು. ಆ ಮುದುಕರನ್ನು ಪಕ್ಕಕ್ಕೆ ಹೊರಳಿಸಿ, ಹಣೆ ಹಿಡಿದುಕೊಂಡು ನಿಂತರು. ಮುಗಿದ ಮೇಲೆ ಬಾಯಿ ಒರೆಸಿದರು, ಮಂಚದ ತಲೆಭಾಗ ಎತ್ತರಿಸಿದರು. ಟ್ರೇಯಲ್ಲಿದ್ದದ್ದರ ಬಣ್ಣ ಬಗ್ಗಿ ನೋಡಿ ಚಾರ್ಟಿನಲ್ಲಿ ಬರೆದರು. ಡಾಕ್ಟರಿಗೆ ಫೋನ್ ಮಾಡಿ ನಾಲ್ಕು ಮಾತಿನಲ್ಲಿ ಹೇಳಿದರು. ಕೈ ತೊಳೆದು ಬಂದು, ಬೀಗ ತೆಗೆದು, “ಹದಿನಾಲ್ಕು ಆಗಿತ್ತು, ಬರ್ಕೋ” ಅಂದರು.

ಆ ದಿನ ರಾತ್ರಿ ಲೋಕಲ್‌ನಲ್ಲಿ ಅದನ್ನೇ ಯೋಚಿಸಿದೆ. ಲೆಕ್ಕ ನನಗೆ ಬೇಸರ ತಂದಿರಲಿಲ್ಲ. ಲೆಕ್ಕ ನನಗೆ ಇಷ್ಟ, ಈಗಲೂ ಇಷ್ಟ. ಆದರೆ ನಾನು ನೋಡುತ್ತಿದ್ದದ್ದು ಯಾವಾಗಲೂ ಹೋದ ವರ್ಷದ ಲೆಕ್ಕ. ಆ ಸಿಸ್ಟರ್ ಬರೆದ ಒಂದು ಸಾಲಿನಿಂದ ಅದೇ ಗಳಿಗೆಯಲ್ಲಿ ಒಬ್ಬ ಮನುಷ್ಯನಿಗೆ ಏನೋ ಆಗುತ್ತಿತ್ತು. ಬರೆಯುವ ಕೈ, ಹಣೆ ಹಿಡಿಯುವ ಕೈ ಎರಡೂ ಒಂದೇ ಆಗಿತ್ತು. ನನಗೆ ಅದು ಬೇಕು ಅನ್ನಿಸಿತು. ಬೇರೆ ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ.

ದಾರಿಯ ವಿಷಯ ಹೇಳಿಬಿಡುತ್ತೇನೆ, ಕೇಳುವವರಿಗೆ ಬೇಕಾದದ್ದು ಅದೇ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಅದಕ್ಕೆ 12ನೇ ಕ್ಲಾಸಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಲೇಬೇಕು. ಕಾಮರ್ಸ್ ಓದಿದ ನನಗೆ ಆ ಬಾಗಿಲು ಮುಚ್ಚಿತ್ತು. ತೆರೆಯಬೇಕಾದರೆ ಮತ್ತೆ ವಿಜ್ಞಾನ ತೆಗೆದುಕೊಂಡು 12ನೇ ಕ್ಲಾಸ್ ಬರೆಯಬೇಕಿತ್ತು. ಜಿಎನ್‌ಎಂ ಮೂರು ವರ್ಷ, ಕೊನೆಯ ಭಾಗ ಇಂಟರ್ನ್‌ಶಿಪ್. ಅದಕ್ಕೆ ಯಾವ ವಿಭಾಗದಲ್ಲಿ 12ನೇ ಕ್ಲಾಸ್ ಪಾಸಾದರೂ ನಡೆಯುತ್ತದೆ, ವಿಜ್ಞಾನ ಓದಿದವರಾದರೆ ಒಳ್ಳೆಯದು ಅನ್ನುತ್ತಾರೆ. ಕನಿಷ್ಠ 40 ಪರ್ಸೆಂಟ್ ಬೇಕು, ಇಂಗ್ಲಿಷ್‌ನಲ್ಲೂ ಪಾಸಾಗಿರಬೇಕು. ವಯಸ್ಸು 17ರಿಂದ 35. ಮುಗಿದ ಮೇಲೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ ಇಲ್ಲದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಡಿಗ್ರಿ ಬೇಕೆನ್ನುವವರಿಗೆ ಜಿಎನ್‌ಎಂ ಆದಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಸೇರುವ ಮೊದಲು ಆ ಶಾಲೆಗೆ ಕೌನ್ಸಿಲ್‌ನ ಮಾನ್ಯತೆ ಇದೆಯಾ ಎಂದು ನೀವೇ ನೋಡಿ. ಏಜೆಂಟ್ ಹೇಳಿದ ಮಾತಿನ ಮೇಲೆ ಹಣ ಕಟ್ಟಬೇಡಿ. ಮಾನ್ಯತೆ ಇಲ್ಲದ ಕಡೆ ಓದಿದ ಮೂರು ವರ್ಷವನ್ನು ಯಾರೂ ವಾಪಸ್ ಕೊಡುವುದಿಲ್ಲ.

ಮನೆಯಲ್ಲಿ ಹೇಳಿದ ದಿನ ಅಮ್ಮ ಮಾತಾಡಲೇ ಇಲ್ಲ. ಮರುದಿನ ದೋಸೆ ಹುಯ್ಯುತ್ತಾ, “ಒಳ್ಳೆ ಕೆಲ್ಸ ಬಿಟ್ಕಂಡ್ ಇದೆಂತಕ್ ಹೆಣೆ?” ಅಂದರು. ನಾವು ಕುಂದಾಪುರದ ಕಡೆಯವರು. ಆಮೇಲೆ ಅಮ್ಮ ಒಂದು ಹೆಸರು ಹೇಳಿದರು. ಅರುಣಾ ಶಾನಭಾಗ.

ಮುಂಬಯಿಯಲ್ಲಿರುವ ಕರಾವಳಿಯ ಹೆಂಗಸರಿಗೆ ಆ ಹೆಸರು ಮರೆತಿಲ್ಲ. ಅರುಣಾ ಹೊನ್ನಾವರದ ಹತ್ತಿರದ ಹಳದೀಪುರದವರು. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ಬಟ್ಟೆ ಬದಲಾಯಿಸಲು ಹೋದಾಗ, ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ದೌರ್ಜನ್ಯ ಮಾಡಿದ. ಕುತ್ತಿಗೆಗೆ ನಾಯಿಯ ಚೈನ್ ಬಿಗಿದದ್ದರಿಂದ ಮೆದುಳಿಗೆ ರಕ್ತ ಹೋಗದೆ ಅವರು ಮತ್ತೆ ಎಚ್ಚರದ ಬದುಕಿಗೆ ಬರಲಿಲ್ಲ. 2015ರ ಮೇ 18ರಂದು ತೀರಿಕೊಂಡರು. ಅಮ್ಮನ ತಲೆಮಾರು ಆ ಕಥೆಯನ್ನು ಕೇಳುತ್ತಾ ಬೆಳೆದದ್ದು. ಹೆಣ್ಣುಮಕ್ಕಳನ್ನು ನರ್ಸಿಂಗ್‌ಗೆ ಕಳಿಸಬಾರದು ಎನ್ನುವುದಕ್ಕೆ ಅವರಿಗೆ ಬೇರೆ ಕಾರಣ ಬೇಕಾಗಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಕೊಲ್ಕತ್ತಾದ ಆಸ್ಪತ್ರೆಯಲ್ಲಿ ಯುವ ಡಾಕ್ಟರಿಗೆ ಆದದ್ದನ್ನು ನೋಡಿದ ಮೇಲೆ ಅಮ್ಮನ ಭಯ ಹಳೆಯದು ಎಂದು ನಾನು ಹೇಳಲಾರೆ. ರಾತ್ರಿ ಪಾಳಿಗೆ ಹೋಗುವ ಹೆಂಗಸರಿಗೆ ಬೀಗ ಹಾಕಿಕೊಳ್ಳಬಹುದಾದ ಕೋಣೆ, ಬೆಳಕಿರುವ ಹಾದಿ, ಮನೆಗೆ ಬಿಡುವ ಗಾಡಿ ಬೇಕು. ಇವು ಸವಲತ್ತುಗಳಲ್ಲ. ಕೆಲಸಕ್ಕೆ ಸೇರುವಾಗ ನಾಚಿಕೆಯಿಲ್ಲದೆ ಕೇಳಬೇಕಾದವು.

ಆದರೆ ಆ ಕಥೆಯ ಇನ್ನೊಂದು ಭಾಗವನ್ನು ನಾನು ಅಮ್ಮನಿಗೆ ಓದಿ ಹೇಳಿದೆ. ಆ ಸುಮಾರು 42 ವರ್ಷ ಅರುಣಾ ಅವರನ್ನು ನೋಡಿಕೊಂಡವರು ಕೆಇಎಂನ ನರ್ಸ್‌ಗಳು. ಒಂದು ಬ್ಯಾಚ್ ನಿವೃತ್ತಿಯಾದರೆ ಮುಂದಿನ ಬ್ಯಾಚ್. ತಾವು ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲೇ ಮಲಗಿದ್ದ ಒಬ್ಬ ಹೆಂಗಸಿಗೆ ತಿನ್ನಿಸಿದರು, ಮೀಯಿಸಿದರು, ಮಗ್ಗುಲು ಬದಲಿಸಿದರು. ಅರುಣಾ ಅವರಿಗೆ ದಯಾಮರಣ ಬೇಕೆಂದು ಹಾಕಿದ್ದ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೇ ಇದೆ ಎಂದು ಅದರಲ್ಲಿ ಹೇಳಿತು. ಅಷ್ಟು ವರ್ಷ ಹಾಸಿಗೆಯಲ್ಲಿದ್ದವರ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು ಅಂದರೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು.

ಅಪ್ಪಯ್ಯ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದರು. ಅವರು ಹುಡುಗನಾಗಿ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದವರು. ಮೀಸೆ ಬಂದ ಮೇಲೆ ಬೆಂಚಿನಲ್ಲಿ ಕೂತು ಮಗ್ಗಿ ಹೇಳಿದವರು. “ಕಲಿಯುಕೆ ಪ್ರಾಯ ಎಂತಕ್?” ಅಂದರು. ಫೀಸಿಗೆ ನನ್ನ ಉಳಿತಾಯ ಇತ್ತು. ಮೂರು ವರ್ಷ ಸಂಬಳ ಇಲ್ಲದೆ ಮನೆ ನಡೆಸುವ ಭಾರ ಅವರ ಮೇಲೆ ಬಿತ್ತು, ಅದನ್ನು ಅವರು ಒಮ್ಮೆಯೂ ಆಡಿ ತೋರಿಸಲಿಲ್ಲ. ಈ ವಿಷಯ ಬಚ್ಚಿಡಬಾರದು. ಎರಡನೇ ಸಲ ಶುರುಮಾಡಲು ಧೈರ್ಯ ಒಂದಿದ್ದರೆ ಸಾಲದು. ಮೂರು ವರ್ಷ ಯಾರಾದರೂ ಅನ್ನ ಹಾಕಬೇಕು.

ಕ್ಲಾಸಿನಲ್ಲಿ ನನ್ನ ಪಕ್ಕ ಕೂತವರು ಹದಿನೆಂಟು, ಹತ್ತೊಂಬತ್ತರ ಹುಡುಗಿಯರು. ಲಾತೂರ್, ಬೀಡ್, ರತ್ನಾಗಿರಿ ಕಡೆಯಿಂದ ಬಂದವರು. ನನ್ನನ್ನು “ತಾಯಿ” ಅಂತಲೇ ಕರೆದರು, ಮರಾಠಿಯಲ್ಲಿ ಅಕ್ಕನಿಗೆ ಹಾಗನ್ನುತ್ತಾರೆ. ಅನಾಟಮಿಯಲ್ಲಿ ಅವರು ನನಗಿಂತ ಎಷ್ಟೋ ಮುಂದಿದ್ದರು. ಮೂಳೆಗಳ ಹೆಸರು ಅವರ ಬಾಯಲ್ಲಿ ಸರಾಗ. ನಾನು ಲೋಕಲ್‌ನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಬೇಕಾಗುತ್ತಿತ್ತು. ಒಬ್ಬ ಹುಡುಗಿ ಹಾಸಿಗೆಯ ಚಾದರದ ಮೂಲೆ ಮಡಿಸುವುದನ್ನು ನನಗೆ ಮತ್ತೆ ಮತ್ತೆ ತೋರಿಸಿಕೊಟ್ಟಳು. ಅವಳಿಗೆ ಸುಸ್ತಾಗಲಿಲ್ಲ. ವಾರ್ಡಿನಲ್ಲಿ ಮೊದಲ ಸಲ ಪೇಷಂಟ್ ತೀರಿಹೋದಾಗ ಅದೇ ಹುಡುಗಿ ಪ್ಯಾಂಟ್ರಿಯಲ್ಲಿ ನಡುಗುತ್ತಾ ನಿಂತಿದ್ದಳು. ನಾನು ಪಕ್ಕ ನಿಂತೆ. ಸಾವು ನೋಡಿದ್ದೆ ನಾನು, ಅಜ್ಜಿಯದ್ದು, ಚಿಕ್ಕಪ್ಪನದ್ದು. ಅವಳಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ, ಆದರೆ ಏನೂ ಹೇಳದೆ ನಿಲ್ಲಲು ಬರುತ್ತಿತ್ತು. ದೊಡ್ಡ ವಯಸ್ಸಿನಲ್ಲಿ ಬಂದವರು ತರುವುದು ಇಂಥದ್ದನ್ನೇ ಎಂದು ನನ್ನ ನಂಬಿಕೆ. ಹಳೆಯ ಡಿಗ್ರಿಯಲ್ಲಿ ಓದಿದ್ದು ಕಡಿಮೆ ಬರುತ್ತದೆ. ಬದುಕಿನಲ್ಲಿ ಸುಮ್ಮನೆ ಪಕ್ಕದಲ್ಲಿ ಕೂತದ್ದು, ಕಾದದ್ದು, ಕೇಳಿಸಿಕೊಂಡದ್ದು, ಅದೆಲ್ಲ ವಾರ್ಡಿನೊಳಗೆ ನಮ್ಮ ಜತೆ ಬರುತ್ತದೆ.

ನಮ್ಮ ನೆಂಟರಲ್ಲಿ ಒಬ್ಬರು ಮದುವೆ ಮನೆಯಲ್ಲಿ ಎಲ್ಲರ ಎದುರು ಕೇಳಿದರು, ಹೇಲು ಉಚ್ಚೆ ಬಳಿಯಲು ಬಿ.ಕಾಂ. ಯಾಕೆ ಓದಬೇಕಿತ್ತು ಅಂತ. ಇದಕ್ಕೆ ಸಿಟ್ಟಿನಿಂದ ಉತ್ತರ ಕೊಡಬೇಕಾಗಿಲ್ಲ. ಆ ಕೆಲಸ ಏನು ಅಂತ ವಿವರವಾಗಿ ಹೇಳಿದರೆ ಸಾಕು.

ಒಬ್ಬರನ್ನು ಹಾಸಿಗೆಯಲ್ಲೇ ಶುಚಿ ಮಾಡುವಾಗ ನರ್ಸ್ ಏನು ನೋಡುತ್ತಾಳೆ ಗೊತ್ತಾ? ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಹೊಟ್ಟೆಯಲ್ಲೋ ಸಣ್ಣ ಕರುಳಿನ ಶುರುವಿನಲ್ಲೋ ರಕ್ತ ಸೋರುತ್ತಿರಬಹುದು. ಜೇಡಿಮಣ್ಣಿನ ಬಣ್ಣವಿದ್ದರೆ ಪಿತ್ತ ಕೆಳಗಿಳಿಯುತ್ತಿಲ್ಲ. ಆಮೇಲೆ ಚರ್ಮ. ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಎಲುಬು, ಮೊಣಕೈ. ಎಲ್ಲಿ ಎಲುಬು ಹಾಸಿಗೆಗೆ ಒತ್ತುತ್ತದೋ ಅಲ್ಲಿ ಚರ್ಮ ಕೆಂಪಾಗಿದೆಯಾ ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಆ ಕೆಂಪು ಬೆಳ್ಳಗಾಗಬೇಕು. ಆಗದಿದ್ದರೆ ಒಳಗೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ನೋವಿದೆಯಾ ಎಂದು ಕೈಯಿಂದಲೇ ತಿಳಿಯಬೇಕು. ಯಾರಿಗೆ ಅಪಾಯ ಜಾಸ್ತಿ ಎಂದು ಅಳೆಯಲು ಬ್ರೇಡನ್ ಸ್ಕೇಲ್ ಇದೆ. ನೋವು ಗೊತ್ತಾಗುತ್ತದಾ, ಮೈ ಒದ್ದೆಯಾಗಿರುತ್ತದಾ, ಎದ್ದು ಓಡಾಡುತ್ತಾರಾ, ಮಲಗಿದಲ್ಲೇ ಹೊರಳುತ್ತಾರಾ, ಊಟ ಹೇಗೆ, ಚರ್ಮ ಹಾಸಿಗೆಗೆ ಉಜ್ಜುತ್ತದಾ, ಹೀಗೆ ಆರು ವಿಷಯಕ್ಕೆ ಅಂಕ ಕೊಡುತ್ತೇವೆ. ಒಟ್ಟು 6ರಿಂದ 23. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ತಾನಾಗಿ ಹೊರಳಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಅರುಣಾ ಶಾನಭಾಗರ 42 ವರ್ಷವನ್ನು ಈ ಎರಡು ಗಂಟೆಯ ಲೆಕ್ಕದಲ್ಲಿ ಯೋಚಿಸಿ ನೋಡಿ.

ಇಷ್ಟನ್ನೂ ಆ ನೆಂಟರಿಗೆ ಹೇಳಿದೆ. ಅವರು ಊಟ ಮಾಡುತ್ತಿದ್ದರು, ಆದರೂ ಕೇಳಿಸಿಕೊಂಡರು. ಅವರ ತಾಯಿ ಆಗ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ಕೊನೆಗೆ ಹಿಮ್ಮಡಿಯ ಕೆಳಗೆ ದಿಂಬು ಹೇಗಿಡಬೇಕು ಎಂದು ಕೇಳಿದರು. ಹಿಮ್ಮಡಿಯ ಕೆಳಗೆ ಇಡಬಾರದು, ಮೀನಖಂಡದ ಕೆಳಗೆ ಉದ್ದಕ್ಕೆ ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಬಿಡಬೇಕು ಅಂದೆ.

ಆಡಿಟ್ ಮಾಡಿದ್ದು ಎಲ್ಲಿ ಕೆಲಸಕ್ಕೆ ಬಂತು ಎಂದು ಕೇಳುತ್ತಾರೆ. ಬಂತು, ಅದೂ ಗಟ್ಟಿಯಾಗಿಯೇ ಬಂತು. ಔಷಧಿಯ ಲೆಕ್ಕದಲ್ಲಿ ನನಗೆ ಹೆದರಿಕೆ ಆಗಲಿಲ್ಲ. 500 ಮಿ.ಲೀ. ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ 20 ಹನಿಗೆ ಒಂದು ಮಿ.ಲೀ. ಕೊಡುವಂಥದ್ದು. 500ನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 21 ಹನಿ. ಗಡಿಯಾರ ಹಿಡಿದು ಎಣಿಸಬೇಕು. ಇದಕ್ಕಿಂತ ಮುಖ್ಯವಾದದ್ದು ಯೂನಿಟ್ ನೋಡುವ ಅಭ್ಯಾಸ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಬಗೆಯ ಸೀಸೆಯಲ್ಲಿ ಸಿಗುತ್ತದೆ. ಒಂದರಲ್ಲಿ ಮಿ.ಲೀ.ಗೆ 40 ಯೂನಿಟ್, ಇನ್ನೊಂದರಲ್ಲಿ 100. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ಸೀಸೆಯಿಂದ ಕೆಂಪು ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 25 ಯೂನಿಟ್. ಎರಡೂವರೆ ಪಟ್ಟು. ಸಕ್ಕರೆ ಕುಸಿದು ಜೀವಕ್ಕೇ ಕುತ್ತಾಗಬಹುದು. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಈಗಲೇ ಎದ್ದು ಹೋಗಿ ಸೀಸೆ, ಸಿರಿಂಜ್ ಎರಡನ್ನೂ ಹೊಂದಿಸಿ ನೋಡಿ. ನಿಜವಾಗಿಯೂ ಹೇಳುತ್ತಿದ್ದೇನೆ.

ಆದರೆ ನನ್ನ ಹಳೆಯ ಕೆಲಸ, ನನ್ನ ಭಾಷೆ, ನನ್ನ ವಯಸ್ಸು ಮೂರೂ ಒಟ್ಟಿಗೆ ಕೆಲಸಕ್ಕೆ ಬಂದ ಒಂದು ದಿನ ಇದೆ. ನಾನಿನ್ನೂ ವಿದ್ಯಾರ್ಥಿನಿ. ಆರ್ಥೋ ವಾರ್ಡಿನಲ್ಲಿ ಪೋಸ್ಟಿಂಗ್. ಯಾದಗಿರಿ ಕಡೆಯ ಒಬ್ಬ ಅಜ್ಜಿ ಸೊಂಟದ ಎಲುಬು ಮುರಿದು ಮಲಗಿದ್ದರು. ಕಾಲಿಗೆ ತೂಕ ಕಟ್ಟಿ ಎಳೆದಿಡುವ ಟ್ರ್ಯಾಕ್ಷನ್ ಹಾಕಿದ್ದರು. ಮಗ ಕಟ್ಟಡದ ಕೆಲಸಕ್ಕೆ ಹೋಗುವವರು, ರಾತ್ರಿ ಮಾತ್ರ ಬರುತ್ತಿದ್ದರು. ಅಜ್ಜಿಗೆ ಮರಾಠಿ ಬಾರದು, ಹಿಂದಿಯೂ ಬಾರದು. ಏನು ಕೇಳಿದರೂ ತಲೆ ಆಡಿಸುತ್ತಿದ್ದರು. ಒಳ್ಳೆಯ ಪೇಷಂಟ್, ತೊಂದರೆಯೇ ಕೊಡುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ನನಗೆ ಕೊಟ್ಟ ಕೆಲಸ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ತುಂಬುವುದು. ಒಳಗೆ ಹೋದ ನೀರು, ಚಹಾ, ಗಂಜಿ, ಸಲೈನ್ ಒಂದು ಕಡೆ. ಹೊರಗೆ ಬಂದ ಮೂತ್ರ, ವಾಂತಿ ಇನ್ನೊಂದು ಕಡೆ. ನನ್ನ ಕಣ್ಣಿಗೆ ಅದು ಕ್ಯಾಶ್ ಬುಕ್ಕಿನ ಎರಡು ಬದಿಗಳ ಹಾಗೆಯೇ ಕಂಡಿತು, ಹಾಗಾಗಿ ಹಿಂದಿನ ಪುಟಗಳನ್ನೂ ತಿರುವಿ ನೋಡಿದೆ. ದೊಡ್ಡವರಲ್ಲಿ ಮೂತ್ರ ಗಂಟೆಗೆ, ತೂಕದ ಪ್ರತಿ ಕಿಲೋಗೆ ಅರ್ಧ ಮಿ.ಲೀ. ಆದರೂ ಬರಬೇಕು. 50 ಕಿಲೋ ತೂಕದವರಿಗೆ ದಿನಕ್ಕೆ 600 ಮಿ.ಲೀ. ಅಜ್ಜಿಯದ್ದು ಅಷ್ಟು ಬರುತ್ತಿರಲಿಲ್ಲ. ಅದಕ್ಕೂ ಹೆಚ್ಚಾಗಿ ನನಗೆ ಕಂಡದ್ದು ಎಡಗಡೆಯ ಕಾಲಂ. ಬಾಯಿಂದ ಕುಡಿದ ನೀರು ದಿನದಿಂದ ದಿನಕ್ಕೆ ಇಳಿಯುತ್ತಾ ಬಂದಿತ್ತು. ತಂಬಿಗೆ ತುಂಬಿಯೇ ಇತ್ತು.

ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತೆ. “ಯಾವೂರಜ್ಜಿ ನಿಮ್ದು?” ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಬಿಡಲಿಲ್ಲ. ಊರು, ಹೊಲ, ಸತ್ತ ಗಂಡ, ಮೊಮ್ಮಕ್ಕಳು ಎಲ್ಲ ಬಂತು. ನಾನು ಅವಸರ ಮಾಡಲಿಲ್ಲ. ನೀರು ಯಾಕೆ ಕುಡಿಯುತ್ತಿಲ್ಲ ಎಂದು ಕೊನೆಯಲ್ಲಿ ಕೇಳಿದೆ.

“ನೀರು ಕುಡದ್ರ ಮತ್ತ ಪಾತ್ರಿ ಕೇಳಬೇಕಾಗ್ತದ ತಂಗಿ. ಯಾರಿಗಿ ಕೇಳ್ಲಿ? ನನ್ನ ಮಾತು ಇಲ್ಲಿ ಯಾರಿಗೂ ತಿಳೆಂಗಿಲ್ಲ. ಒಂದಿನ ಹಾಸಗ್ಯಾಗೇ ಆಗಿಬಿಡ್ತು. ಆ ಹೆಣ್ಮಗಳು ಬೈದ್ಲು. ಅದಕ್ಕ ನೀರೇ ಬಿಟ್ಟೀನಿ.”

ಬೈದ ಮಾವ್ಶಿಯನ್ನು, ಅಂದರೆ ವಾರ್ಡಿನ ಆಯಾಳನ್ನು, ನಾನು ದೂರುವುದಿಲ್ಲ. ಅಷ್ಟುದ್ದದ ವಾರ್ಡಿಗೆ ಆ ಪಾಳಿಯಲ್ಲಿ ಅವರೊಬ್ಬರೇ ಇದ್ದರು. ಸಿಸ್ಟರ್‌ಗೆ ಹೇಳಿದೆ, ಡಾಕ್ಟರಿಗೂ ಹೇಳಿದರು. ಮಾವ್ಶಿಯ ಹತ್ತಿರವೂ ಮಾತಾಡಿದೆ. ಅಜ್ಜಿ ಕೇಳಲಿ ಎಂದು ಕಾಯದೆ, ಗಂಟೆ ನೋಡಿಕೊಂಡು ನಾವೇ ಬೆಡ್‌ಪ್ಯಾನ್ ಕೊಡುವುದು ಎಂದು ಗೊತ್ತು ಮಾಡಿದೆವು. ಪಾಳಿ ಬದಲಾಗುವಾಗ ಹೇಳಲು ಕೇರ್ ಪ್ಲಾನಿನಲ್ಲಿ ಬರೆದಿಟ್ಟೆ. ನೀರು ಕುಡಿಯದೆ ಮಲಗಿದ್ದರೆ ಮೂತ್ರದ ಸೋಂಕು, ಮಲಬದ್ಧತೆ, ಚರ್ಮ ಒಡೆದು ಹುಣ್ಣು, ವಯಸ್ಸಾದವರಿಗೆ ಮಾತು ತಪ್ಪುವ ಮಂಕು, ಒಂದರ ಹಿಂದೆ ಒಂದು ಬರುತ್ತವೆ. ಅಜ್ಜಿ ಸುಧಾರಿಸಿಕೊಂಡರು. ಆಪರೇಷನ್ ಆಗಿ, ವಾಕರ್ ಹಿಡಿದು ಮಗನ ಜತೆ ಊರಿಗೆ ಹೋದರು.

ಇದರಲ್ಲಿ ನನ್ನ ಜಾಣತನ ದೊಡ್ಡದಲ್ಲ. ಅಂಕಿಯ ಹಿಂದಿನ ಪುಟ ನೋಡುವ ಚಟ ಇತ್ತು, ಭಾಷೆ ಇತ್ತು, ಮುದುಕರ ಮಾತನ್ನು ಮಧ್ಯೆ ತಡೆಯಬಾರದು ಎನ್ನುವಷ್ಟು ವಯಸ್ಸಾಗಿತ್ತು. ಮುಂಬಯಿಯ ವಾರ್ಡುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕೂಲಿ ಜನ ಹೀಗೆ ಬಾಯಿ ಮುಚ್ಚಿಕೊಂಡು ಮಲಗಿರುತ್ತಾರೆ. ಅವರಿಗೆ ಕನ್ನಡದ ನರ್ಸ್ ಸಿಗುವುದು ಅದೃಷ್ಟದ ಮಾತು ಆಗಿರಬಾರದು. ಈ ಊರಿನಲ್ಲಿ ನಮ್ಮ ಜನ ಶಾಲೆ ಕಟ್ಟಿದ್ದಾರೆ, ಸಂಘ ಕಟ್ಟಿದ್ದಾರೆ, ಭವನ ಕಟ್ಟಿದ್ದಾರೆ. ಓದಲು ಬಯಸುವ ನಮ್ಮ ಹೆಂಗಸರಿಗೆ, ಗಂಡಸರಿಗೂ, ಮೂರು ವರ್ಷದ ಜಿಎನ್‌ಎಂ ಫೀಸ್ ಕಟ್ಟುವ ಒಂದು ನಿಧಿ ಮಾಡಿದರೆ ಎಷ್ಟು ಒಳ್ಳೆಯದು.

ಸಂಬಳದ ಬಗ್ಗೆ ನೇರವಾಗಿ ಹೇಳುತ್ತೇನೆ. ಸಿ.ಎ. ಆಫೀಸಿನಲ್ಲಿ ಬಿಟ್ಟು ಬಂದ ಸಂಬಳಕ್ಕಿಂತ ನರ್ಸ್ ಆಗಿ ಸಿಕ್ಕ ಮೊದಲ ಸಂಬಳ ಕಡಿಮೆಯೇ ಇತ್ತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯಂತೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಸಂಬಳ ಯಾವ ಕಾರಣಕ್ಕೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾಗಿರಬೇಕು ಎಂದು ಅದು ಹೇಳಿತು. ಹೇಳಿದ್ದು ಶಿಫಾರಸು, ಕಾನೂನಲ್ಲ. ಕೆಲಸ ಹುಡುಕುವಾಗ ನಾನು ಹೋದ ಒಂದು ಕಡೆ ಈ ಅಂಕಿ ಹೇಳಿದ್ದಕ್ಕೆ, ಹಾಗಿದ್ದರೆ ಸರ್ಕಾರಿ ಕೆಲಸಕ್ಕೇ ಹೋಗಿ ಅಂದರು. ಒಂದೇ ಪಾಳಿಯಲ್ಲಿ ಎಂಟು ಹಾಸಿಗೆ ನೋಡುವವಳಿಗೆ ಮನೆ ಬಾಡಿಗೆ ಕಟ್ಟಲು ಕಷ್ಟವಾಗುವುದು ನನಗೆ ಸಂಕಟದ ವಿಷಯ. ಸೇವೆ ಎಂಬ ಮಾತನ್ನು ಸಂಬಳದ ಬದಲಿಗೆ ಕೊಡಬಾರದು.

ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. 35ರ ಗೆರೆ. ಮಕ್ಕಳು ಶಾಲೆಗೆ ಹೋಗತೊಡಗಿ, ಅತ್ತೆ ಮಾವನ ಕಾಯಿಲೆ ನೋಡಿಕೊಂಡು, ಆಮೇಲೆ ತನಗೇನು ಬೇಕು ಎಂದು ಒಬ್ಬ ಹೆಂಗಸು ಯೋಚಿಸುವ ಹೊತ್ತಿಗೆ ಆಕೆಗೆ ಮೂವತ್ತೇಳೋ ನಲವತ್ತೋ ಆಗಿರುತ್ತದೆ. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿದವಳಿಗೆ ಬಾಗಿಲು ಮುಚ್ಚಿರುತ್ತದೆ. ಅದೇ ಎಎನ್‌ಎಂ (ಸಹಾಯಕ ನರ್ಸ್) ಕೋರ್ಸ್ ಆದವರು ಜಿಎನ್‌ಎಂ ಸೇರಲು ಬಂದರೆ ವಯಸ್ಸಿನ ಮಿತಿ ಇಲ್ಲ. ಅಂದರೆ ನಲವತ್ತಾದವರು ಕಲಿಯಲಾರರು ಎಂದು ನಿಯಮ ಮಾಡಿದವರೂ ನಂಬಿಲ್ಲ, ಅಲ್ವಾ? ಹಾಗೆಯೇ ಯಾವುದೇ ಡಿಗ್ರಿ ಆದವರಿಗೆ ಒಂದು ವರ್ಷ ವಿಜ್ಞಾನದ ತಯಾರಿ ಕೊಟ್ಟು, ಆಮೇಲೆ ನೇರವಾಗಿ ನರ್ಸಿಂಗ್ ಡಿಗ್ರಿಗೆ ಸೇರಿಸುವ ಕೋರ್ಸ್ ಯಾಕೆ ಇರಬಾರದು? ವಾರ್ಡಿನ ತರಬೇತಿಯಲ್ಲಿ ಒಂದು ಗಂಟೆಯನ್ನೂ ಕಡಿಮೆ ಮಾಡಬೇಕಾಗಿಲ್ಲ. ಅಲ್ಲಿ ಅಡ್ಡದಾರಿ ಸಲ್ಲದು. ಇಂಗ್ಲಿಷ್, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಕಂಪ್ಯೂಟರ್ ಇವನ್ನು ಮೊದಲೇ ಓದಿ ಬಂದವರಿಗೆ ಮತ್ತೆ ಓದಿಸುವ ಸಮಯ ಉಳಿಸಿದರೆ ಸಾಕು.

1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಸೇರ್ಪಡೆಯ ನಿಯಮಗಳನ್ನು ಹೊಸದಾಗಿ ಯೋಚಿಸಲು ಇದೇ ಸಮಯ. ವಯಸ್ಸಿನ ಮಿತಿ, ಪದವೀಧರರ ಕೋರ್ಸ್, ಈ ಎರಡೇ ವಿಷಯ ಇಟ್ಟುಕೊಂಡು ನಾನು ಒಂದು ಅರ್ಜಿ ಬರೆದಿದ್ದೇನೆ. ಬೇರೆ ಕೆಲಸ ಬಿಟ್ಟು ಬಂದು ನರ್ಸ್ ಆದವರು ಹುಡುಕಿದಷ್ಟೂ ಸಿಗುತ್ತಿದ್ದಾರೆ. ಒಬ್ಬರು ಮೊದಲು ಟೀಚರ್, ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬ ಬ್ರದರ್ (ಗಂಡು ನರ್ಸ್) ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು. ನೈಟ್ ಮುಗಿಸಿ ಬರುವಾಗ ಅವರವರ ಸ್ಟೇಷನ್ನಿನಲ್ಲಿ ಇಳಿದು ಸಹಿ ಹಾಕಿಸುತ್ತಿದ್ದೇನೆ. ಮುಂದಿನ ವಾರ ಠಾಣೆ ಊರಿನ ಕಡೆ ಮುಗಿಯುತ್ತದೆ, ಆಮೇಲೆ ಪನ್ವೇಲ್ ಕಡೆ.